ಕೂತಾಗ 98 ಸರಿ, ನಡೆದಾಗ ಎಷ್ಟು?

ಕೊರೊನಾ ಬಂದು ಹೋದ ಮೇಲೆ ಎಷ್ಟೋ ಮನೆಗಳಲ್ಲಿ ಪಲ್ಸ್ ಆಕ್ಸಿಮೀಟರ್ ಉಳಿದುಕೊಂಡಿತು. ಒಳ್ಳೆಯದೇ. ಆದರೆ ಅದರ ಜೊತೆಗೆ ಒಂದು ಹೊಸ ಮೂಢನಂಬಿಕೆಯೂ ಉಳಿದುಕೊಂಡಿತು. ಬೆರಳಿಗೆ ಸಿಕ್ಕಿಸಿದಾಗ 98 ಬಂದರೆ ಶ್ವಾಸಕೋಶ ಚೆನ್ನಾಗಿದೆ ಅಂತ. "ಸ್ಯಾಚುರೇಷನ್ ನಾರ್ಮಲ್, ಎಕ್ಸ್-ರೇ ನಾರ್ಮಲ್, ಇಸಿಜಿ ನಾರ್ಮಲ್. ಆದ್ರೂ ಒಂದು ಮಹಡಿ ಹತ್ತೋಕಾಗಲ್ಲ ಸಾರ್" ಅನ್ನುವವರು ನಮ್ಮ ಓಪಿಡಿಗೆ ಬರುತ್ತಲೇ ಇರುತ್ತಾರೆ. ಹಿಂದೆ ನಿಂತ ಮಗನೋ ಸೊಸೆಯೋ ಮೆಲ್ಲಗೆ ಸೇರಿಸುತ್ತಾರೆ, "ಇವರಿಗೆ ಟೆನ್ಷನ್ ಜಾಸ್ತಿ ಡಾಕ್ಟ್ರೇ."

ಟೆನ್ಷನ್ ಇರಲೂಬಹುದು. ರಕ್ತಹೀನತೆ, ಹೃದಯ, ಥೈರಾಯ್ಡ್, ತೂಕ, ಸಿಗರೇಟು, ಅಸ್ತಮಾ ಇವನ್ನೆಲ್ಲ ಮೊದಲು ನೋಡಲೇಬೇಕು. ಸಾಮಾನ್ಯವಾಗಿ ನಿಮ್ಮ ಊರಿನ ಡಾಕ್ಟರು ನೋಡಿಯೇ ಇರುತ್ತಾರೆ. ಅದೆಲ್ಲ ಮುಗಿದ ಮೇಲೂ, ಇನ್ಹೇಲರ್ ಎಳೆದು ಎಳೆದು ಸಾಕಾದ ಮೇಲೂ, ಏದುಸಿರು ಹೋಗದವರ ಬಗ್ಗೆ ನಾನು ಹೇಳುತ್ತಿದ್ದೇನೆ. ಅವರನ್ನು ನಾನು ಕೇಳುವ ಮೊದಲ ಪ್ರಶ್ನೆ ಒಂದೇ. ಆ 98 ನೋಡಿದ್ದು ಕೂತಾಗಲೋ, ನಡೆದಾಗಲೋ?

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಎಷ್ಟು ಹೇಳಿದರೂ ಇದೊಂದು ತಲೆಗೆ ಹೋಗುವುದಿಲ್ಲ. ಶ್ವಾಸಕೋಶದ ಗಾಳಿಚೀಲಗಳ ಸುತ್ತ ಬಹಳ ಸಣ್ಣ ರಕ್ತನಾಳಗಳಿವೆ. ನಾವು ಸುಮ್ನೆ ಕೂತಾಗ ಒಂದು ರಕ್ತಕಣ ಆ ನಾಳವನ್ನು ದಾಟಲು ಸುಮಾರು 0.75 ಸೆಕೆಂಡ್ ತೆಗೆದುಕೊಳ್ಳುತ್ತದೆ. ಶ್ವಾಸಕೋಶ ಚೆನ್ನಾಗಿರುವವರಲ್ಲಿ ಅದಕ್ಕೆ ಆಮ್ಲಜನಕ ತುಂಬಿಕೊಳ್ಳಲು 0.25 ಸೆಕೆಂಡ್ ಸಾಕು. ಮಿಕ್ಕ ಅರ್ಧ ಸೆಕೆಂಡ್ ಉಳಿತಾಯ. ಈಗ ಗಾಳಿಚೀಲದ ಗೋಡೆ ಊದಿಕೊಂಡಿತು ಅಥವಾ ಕಲೆ ಕಟ್ಟಿ ದಪ್ಪವಾಯಿತು ಅಂದುಕೊಳ್ಳಿ. ಇಂಥ ಕಾಯಿಲೆಗಳ ದೊಡ್ಡ ಗುಂಪನ್ನೇ ನಾವು ಐಎಲ್‌ಡಿ (ಇಂಟರ್‌ಸ್ಟಿಷಿಯಲ್ ಲಂಗ್ ಡಿಸೀಸ್) ಅನ್ನುತ್ತೇವೆ. ಆಮ್ಲಜನಕ ದಾಟುವುದು ನಿಧಾನವಾಗುತ್ತದೆ. ಆದರೂ ಕೂತಾಗ ಆ ಉಳಿತಾಯದ ಅರ್ಧ ಸೆಕೆಂಡ್ ಕೈಹಿಡಿಯುತ್ತದೆ. ಮೀಟರ್ 98 ತೋರಿಸುತ್ತದೆ. ಎದ್ದು ಮೆಟ್ಟಿಲು ಹತ್ತಿದರೆ ರಕ್ತದ ಓಟ ಜೋರಾಗುತ್ತದೆ, ಉಳಿತಾಯ ಖಾಲಿಯಾಗುತ್ತದೆ. ಬಸ್ಸು ಸ್ಟಾಪಿನಲ್ಲಿ ಐದು ನಿಮಿಷ ನಿಂತರೆ ಬಾಗಿಲು ಎಷ್ಟೇ ಕಿರಿದಾಗಿರಲಿ, ಎಲ್ಲರೂ ಹತ್ತುತ್ತಾರೆ. ಅರ್ಧ ನಿಮಿಷಕ್ಕೇ ರೈಟ್ ಅಂದುಬಿಟ್ಟರೆ ಅರ್ಧ ಜನ ಕೆಳಗೇ ಉಳಿಯುತ್ತಾರೆ, ಅಲ್ವಾ? ಆಕ್ಸಿಜನ್ ಬೀಳುವುದಕ್ಕೆ ಕಾರಣ ಇದೊಂದೇ ಅಲ್ಲ. ಗಾಳಿ ಒಂದು ಕಡೆ, ರಕ್ತ ಇನ್ನೊಂದು ಕಡೆ ಹೋಗುವುದೂ ಇದರ ಜೊತೆ ಸೇರಿಕೊಳ್ಳುತ್ತದೆ. ಆದರೆ ಕೂತ 98ನ್ನು ಯಾಕೆ ನಂಬಬಾರದು ಅನ್ನುವುದಕ್ಕೆ ಇಷ್ಟು ಸಾಕು.

ಹಾಗಾಗಿ ನಾವು ನಡೆಸಿ ನೋಡುತ್ತೇವೆ. 30 ಮೀಟರ್ ಕಾರಿಡಾರ್, ಆರು ನಿಮಿಷ, ಬೆರಳಲ್ಲಿ ಮೀಟರ್, ಪಕ್ಕದಲ್ಲಿ ಸಿಸ್ಟರ್. ನಿವೃತ್ತ ಮೇಷ್ಟರೊಬ್ಬರು ಶುರುವಿನಲ್ಲಿ 97 ಇದ್ದರು. ಎರಡನೇ ಸುತ್ತಿಗೆ 93. ನಾಲ್ಕನೇ ಸುತ್ತಿಗೆ 87. ಅವರು ನಿಂತು, ಬೆರಳನ್ನು ಪಂಚೆಗೆ ಒರೆಸಿಕೊಂಡು, "ನಿಮ್ಮ ಮಿಷಿನ್ ಕೆಟ್ಟಿದೆ ಕಣಮ್ಮ" ಅಂತ ಸಿಸ್ಟರಿಗೆ ಪಾಠ ಮಾಡಿದರು. ಬೇರೆ ಮೀಟರ್ ಹಾಕಿದರೂ ಅದೇ 87. ಕೂತು ಎರಡು ನಿಮಿಷಕ್ಕೆ ಮತ್ತೆ 96. ನಡೆದಾಗ 4 ಅಂಶಕ್ಕಿಂತ ಜಾಸ್ತಿ ಬಿದ್ದರೆ ನಮ್ಮ ಕಿವಿ ನೆಟ್ಟಗಾಗುತ್ತದೆ. 88ಕ್ಕೂ ಕೆಳಗೆ ಹೋದರೆ ತಮಾಷೆಯಲ್ಲ.

ಮನೆಯಲ್ಲೂ ನಡೆದು ನೋಡಬಹುದು, ಆದರೆ ಹುಷಾರು. ಕೂತಾಗಲೇ 92 ಅಥವಾ ಅದಕ್ಕಿಂತ ಕಡಿಮೆ ಇದ್ದರೆ, ಎದೆನೋವು ಇದ್ದರೆ, ಇತ್ತೀಚೆಗೆ ಹಾರ್ಟ್ ಅಟ್ಯಾಕ್ ಆಗಿದ್ದರೆ ಈ ಪ್ರಯೋಗ ಬೇಡವೇ ಬೇಡ. ತಣ್ಣಗಿನ ಬೆರಳು, ನೇಲ್ ಪಾಲಿಶ್ ಇದ್ದರೆ ಲೆಕ್ಕ ತಪ್ಪುತ್ತದೆ.

ಎಕ್ಸ್-ರೇ ವಿಷಯವೂ ಹೀಗೆಯೇ. ಐಎಲ್‌ಡಿ ಶುರುವಿನಲ್ಲಿ ಅದು ಸ್ವಚ್ಛವಾಗಿ ಕಾಣಬಹುದು. ಬೆನ್ನಿನ ಕೆಳಭಾಗಕ್ಕೆ ಸ್ಟೆತಸ್ಕೋಪ್ ಇಟ್ಟರೆ ವೆಲ್ಕ್ರೋ ಬಿಚ್ಚಿದ ಸದ್ದು ಕೇಳುತ್ತದೆ, ಬೆರಳ ತುದಿ ಉಬ್ಬಿರುತ್ತದೆ, ಎಕ್ಸ್-ರೇ ಮಾತ್ರ ನಾರ್ಮಲ್. ಆಗ ಬೇಕಾದದ್ದು ಎಚ್‌ಆರ್‌ಸಿಟಿ, ಅಂದರೆ ಶ್ವಾಸಕೋಶವನ್ನು ಒಂದೊಂದು ಮಿಲಿಮೀಟರಿನ ಹೋಳು ಮಾಡಿ ತೋರಿಸುವ ಸ್ಕ್ಯಾನ್. ಜೊತೆಗೆ ಊದುವ ಪರೀಕ್ಷೆ ಮತ್ತು ಡಿಎಲ್‌ಸಿಓ. ಊದುವ ಪರೀಕ್ಷೆ ಗಾಳಿ ಎಷ್ಟು ಹಿಡಿಯುತ್ತದೆ, ಎಷ್ಟು ಬೇಗ ಹೊರಬರುತ್ತದೆ ಅನ್ನುವುದನ್ನು ಹೇಳುತ್ತದೆ. ಅನಿಲ ಗೋಡೆ ದಾಟಿ ರಕ್ತಕ್ಕೆ ಎಷ್ಟು ಹೋಗುತ್ತದೆ ಅಂತ ಹೇಳುವುದು ಡಿಎಲ್‌ಸಿಓ. ನಮ್ಮ ಪ್ರಶ್ನೆಯೇ ಅದು. ಆದರೆ ಅದನ್ನು ಮಾಡಿಸದೆ ಅಸ್ತಮಾ ಅಂತ ಬರೆದುಕೊಡುವುದು ನಮ್ಮವರಲ್ಲೂ ಇದೆ. ಸುಳ್ಳು ಹೇಳಲಾರೆ.

ಕಾರಣ ಹುಡುಕುವ ಕೆಲಸ ಅರ್ಧಕ್ಕರ್ಧ ಮಾತಿನಲ್ಲೇ ನಡೆಯುತ್ತದೆ. ದೇಶದ 19 ಊರುಗಳ 27 ಆಸ್ಪತ್ರೆಗಳು ಸೇರಿ 1,084 ಐಎಲ್‌ಡಿ ರೋಗಿಗಳ ಲೆಕ್ಕ ಹಾಕಿ 2017ರಲ್ಲಿ ಪ್ರಕಟಿಸಿದವು. ಅದರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನರಿಗೆ ಇದ್ದದ್ದು ಹೈಪರ್‌ಸೆನ್ಸಿಟಿವಿಟಿ ನ್ಯುಮೋನೈಟಿಸ್. ಏನನ್ನೋ ಉಸಿರಾಡಿ ಉಸಿರಾಡಿ ಶ್ವಾಸಕೋಶ ಅದರ ಮೇಲೆ ತಿರುಗಿಬೀಳುವ ಕಾಯಿಲೆ ಅದು. ಆ ಏನೋ ಎಂಬುದು ಏರ್ ಕೂಲರಿನ ಬೂಷ್ಟು, ಗೋಡೆಯ ತೇವ, ಹಕ್ಕಿಯ ಹಿಕ್ಕೆ, ಪುಕ್ಕ. ಮಂಡ್ಯ ಕಡೆಯವರು ಬಂದರೆ ಬೂಷ್ಟು ಹಿಡಿದ ಕಬ್ಬಿನ ಸಿಪ್ಪೆಯ ಬಗ್ಗೆಯೂ ಕೇಳುತ್ತೇನೆ. ಅದರಿಂದ ಬರುವುದಕ್ಕೆ ಬೇರೆ ಹೆಸರೇ ಇದೆ, ಬಗಾಸೋಸಿಸ್ ಅಂತ.

ಬೆಂಗಳೂರಿನ ಅಪಾರ್ಟ್‌ಮೆಂಟಿನವರಿಗೆ ಪಾರಿವಾಳದ ಪ್ರಶ್ನೆ ಕೇಳುವುದೇ ಒಂದು ಕಸರತ್ತು.

"ಮನೆ ಹತ್ರ ಪಾರಿವಾಳ ಇದ್ಯಾ ಯಜಮಾನ್ರೇ?"

"ಛೆ, ನಾವು ಸಾಕಲ್ಲ ಡಾಕ್ಟ್ರೇ."

"ಸಾಕ್ತೀರಾ ಅಂತಲ್ಲ, ಇದ್ಯಾ?"

"ಇಲ್ಲ."

ಅಷ್ಟರಲ್ಲಿ ಸೊಸೆ, "ಅಯ್ಯೋ ಮಾವ, ಎಸಿ ಡಬ್ಬದ ಹಿಂದೆ ಗೂಡಿದ್ಯಲ್ಲ. ದಿನಾ ಬೆಳಿಗ್ಗೆ ನೀವೇ ತಾನೆ ಅಕ್ಕಿ ಹಾಕೋದು?"

ಯಜಮಾನರು ನನ್ನ ಮುಖ ನೋಡಲಿಲ್ಲ. ಪುಣ್ಯದ ಕೆಲಸ ನೋಡಿ, ಬೈಯುವುದಾದರೂ ಹೇಗೆ? ಶಿವಮೊಗ್ಗದ ಮಗಳ ಮನೆಗೆ ಹೋದಾಗೆಲ್ಲ ಕೆಮ್ಮು ಕಡಿಮೆಯಾಗುತ್ತಿತ್ತಂತೆ. "ಅಲ್ಲಿ ಗಾಳಿ ಒಳ್ಳೇದು" ಅಂತ ಅವರ ವಿವರಣೆ. ಊರು ಬಿಟ್ಟಾಗ ಕಡಿಮೆ, ಬಂದಾಗ ಜಾಸ್ತಿ ಅನ್ನುವ ಒಂದು ಮಾತು ನನಗೆ ಎಷ್ಟೋ ರಿಪೋರ್ಟಿಗಿಂತ ದೊಡ್ಡದು. ಹಾಗಂತ ಪಾರಿವಾಳ ಕಂಡವರಿಗೆಲ್ಲ ಇದು ಬರುವುದಿಲ್ಲ. ಗಾಬರಿ ಬೇಡ. ಬಂದವರು ಮಾತ್ರ ಅದರಿಂದ ದೂರವಿರಲೇಬೇಕು. ಅದನ್ನು ಬಿಟ್ಟು ಬರೀ ಮಾತ್ರೆ ನುಂಗಿದರೆ ಪ್ರಯೋಜನ ಕಡಿಮೆ.

ಕೆಲಸದ ಬಗ್ಗೆ ಕೇಳಿದರೆ "ರಿಟೈರ್ಡ್" ಅನ್ನುತ್ತಾರೆ. ಅದಕ್ಕಿಂತ ಮುಂಚೆ ಏನು ಅಂತ ಕೇಳಬೇಕು. ಕೋಲಾರದ ಚಿನ್ನದ ಗಣಿ 2001ರಲ್ಲಿ ಮುಚ್ಚಿತು. ಆದರೆ ಕಲ್ಲಿನ ಧೂಳು ಕೆಲಸ ಬಿಟ್ಟು ವರ್ಷಗಳಾದ ಮೇಲೂ ಸಿಲಿಕೋಸಿಸ್ ಆಗಿ ತಲೆಯೆತ್ತಬಹುದು. ಕ್ವಾರಿ, ಗ್ರಾನೈಟ್ ಕಟಿಂಗ್, ಕಲ್ಲು ಕೆತ್ತನೆಯವರಿಗೂ ಇದೇ ಮಾತು. ಮಾತ್ರೆ ಚೀಟಿಯನ್ನೂ ತನ್ನಿ. ಮೂತ್ರದ ಸೋಂಕು ಮರುಕಳಿಸದಿರಲೆಂದು ತಿಂಗಳುಗಟ್ಟಲೆ ನುಂಗುವ ನೈಟ್ರೋಫ್ಯುರಾಂಟಾಯಿನ್, ಹೃದಯದ ಬಡಿತಕ್ಕೆ ಕೊಡುವ ಅಮಿಯೋಡರೋನ್ ಕೆಲವರ ಶ್ವಾಸಕೋಶಕ್ಕೆ ಆಗಿಬರುವುದಿಲ್ಲ. ನೀವಾಗಿಯೇ ನಿಲ್ಲಿಸಬೇಡಿ, ಕೊಟ್ಟವರನ್ನು ಕೇಳಿ. ಬೆಳಿಗ್ಗೆ ಕೈಬೆರಳು ಬಿಗಿಯುತ್ತವಾ, ಚಳಿಗೆ ಬೆಳ್ಳಗಾಗುತ್ತವಾ ಅಂತಲೂ ಕೇಳುತ್ತೇನೆ. ಸಂಧಿವಾತ, ಚರ್ಮ ಬಿಗಿದುಕೊಳ್ಳುವ ಸ್ಕ್ಲಿರೋಡರ್ಮಾ ಒಮ್ಮೊಮ್ಮೆ ಮೊದಲು ಉಸಿರಿನಲ್ಲೇ ಕಾಣಿಸಿಕೊಳ್ಳುತ್ತವೆ.

ಇನ್ನೊಂದು ಗುಂಪಿದೆ. ಎಚ್‌ಆರ್‌ಸಿಟಿಯೂ ಚೆನ್ನಾಗಿದೆ, ಊದುವುದೂ ಚೆನ್ನಾಗಿದೆ, ಡಿಎಲ್‌ಸಿಓ ಮಾತ್ರ ಬಿದ್ದಿದೆ. ರಕ್ತಹೀನತೆ ಇಲ್ಲದಿದ್ದರೆ ಆಗ ತೊಂದರೆ ರಕ್ತನಾಳದಲ್ಲಿರಬಹುದು. ಯಾವಾಗಲೋ ಕಾಲಿನಿಂದ ಹೋದ ಹೆಪ್ಪು ಕರಗದೆ ಶ್ವಾಸಕೋಶದಲ್ಲೇ ಕೂತು ಒತ್ತಡ ಏರಿಸಿರಬಹುದು. ಅದಕ್ಕೆ ಹೃದಯದ ಎಕೋ, ಜೊತೆಗೆ ಶ್ವಾಸಕೋಶದಲ್ಲಿ ಗಾಳಿ ಎಲ್ಲಿಗೆ, ರಕ್ತ ಎಲ್ಲಿಗೆ ಹೋಗುತ್ತದೆ ಅಂತ ತೋರಿಸುವ ವಿಕ್ಯೂ ಸ್ಕ್ಯಾನ್ ಬೇಕು. ಇದು ಅಪರೂಪ, ಆದರೆ ಹಿಡಿದರೆ ಕೆಲವರಿಗೆ ಆಪರೇಷನ್ ಮಾಡಿ ಹೆಪ್ಪು ತೆಗೆಯಬಹುದು. ಅದಕ್ಕೇ ಬಿಡುವ ಹಾಗಿಲ್ಲ. ಇದ್ದಕ್ಕಿದ್ದಂತೆ ಉಸಿರು ಕಟ್ಟಿ, ಒಂದೇ ಕಾಲು ಊದಿದ್ದರೆ ಮಾತ್ರ ಅಂಕಣ ಓದುತ್ತಾ ಕೂರಬೇಡಿ, ಈಗಲೇ ಎಮರ್ಜೆನ್ಸಿಗೆ ಹೋಗಿ.

ಕೊನೆಗೆ ಹಳೆಯ ಎಕ್ಸ್-ರೇ, ಸಿಟಿ ಫಿಲ್ಮ್‌ಗಳ ವಿಷಯ. ದೀಪಾವಳಿಗೆ ಮನೆ ಸ್ವಚ್ಛ ಮಾಡುವಾಗ ಅವನ್ನು ಗುಜರಿಗೆ ಹಾಕಿರುತ್ತೀರಿ. ಐದು ವರ್ಷದ ಹಿಂದಿನ ಸಿಟಿಯಲ್ಲೂ ಇದೇ ಕಲೆ ಇಷ್ಟೇ ಇತ್ತು ಅಂತ ಗೊತ್ತಾದರೆ ನಾನು ಕಾಯುತ್ತೇನೆ. ಎರಡರಷ್ಟಾಗಿದ್ದರೆ ಕಾಯುವುದಿಲ್ಲ. ರಿಪೋರ್ಟಿನ ಹಾಳೆ ಸಾಲದು, ಸಿಡಿ ಬೇಕು. ಸಿಡಿ ಕಳೆದುಹೋಗಿದ್ದರೆ ಸ್ಕ್ಯಾನ್ ಮಾಡಿದ ಕಡೆ ಒಮ್ಮೆ ಕೇಳಿ ನೋಡಿ, ಕೆಲವರು ಇಟ್ಟಿರುತ್ತಾರೆ. ಮತ್ತೆ ಬರುವಾಗ ನಡೆಯಲು ಸಲೀಸಾದ ಚಪ್ಪಲಿ ಹಾಕಿಕೊಂಡು ಬನ್ನಿ.