ಐಡಿ ಪ್ಲೀಸ್: ಗುರುತು ಕೇಳುವುದು ಅಂದರೆ ಏನು?

ಹಕ್ಕಿ, ಚಿಟ್ಟೆ, ಹಳೆ ನಾಣ್ಯ, ಶಾಸನ ಇವುಗಳ ಹುಚ್ಚು ಹತ್ತಿಸಿಕೊಂಡವರ ವಾಟ್ಸ್‌ಆ್ಯಪ್, ಫೇಸ್‌ಬುಕ್ ಗುಂಪು ಸೇರಿದರೆ ಮೊದಲ ದಿನವೇ ಈ ಮಾತು ಕಣ್ಣಿಗೆ ಬೀಳುತ್ತದೆ. ಒಂದು ಫೋಟೊ, ಅದರ ಕೆಳಗೆ 'ಐಡಿ ಪ್ಲೀಸ್'. ಇದು ಏನು ಅಂತ ಗುರುತಿಸಿ ಹೇಳಿ ಎನ್ನುವ ಕೋರಿಕೆ ಅದು. ನಮ್ಮ ಬಾಗಲಕೋಟೆ, ವಿಜಯಪುರದ ಕಡೆಯವರು 'ಯಾವ ಹಕ್ಕಿ ಐತ್ರಿ ಇದು? ಗೊತ್ತಿದ್ದವ್ರು ಹೇಳ್ರಿ' ಅಂತಲೂ ಬರೆಯುತ್ತಾರೆ. ಕೇಳಿದವರಿಗೂ ಹೇಳಿದವರಿಗೂ ಮುಖಪರಿಚಯ ಇರುವುದಿಲ್ಲ. ಆದರೂ ಎಲ್ಲೋ ಕೂತ ಒಬ್ಬರು ತಮ್ಮ ಕೆಲಸ ಬಿಟ್ಟು ಫೋಟೊ ಹಿಗ್ಗಿಸಿ ನೋಡಿ ಉತ್ತರ ಬರೆಯುತ್ತಾರೆ. ನನಗೆ ಈ ರೂಢಿಯ ಮೇಲೆ ತುಂಬಾ ಅಭಿಮಾನ.

ಒಳ್ಳೆ ಐಡಿಯಲ್ಲಿ ಹೆಸರು ಇರುತ್ತದೆ, ಜೊತೆಗೆ ಆ ಹೆಸರು ಯಾಕೆ ಅನ್ನುವ ಕಾರಣವೂ ಇರುತ್ತದೆ. ಕಾರಣಕ್ಕೇ ಬೆಲೆ ಜಾಸ್ತಿ. ಗೋಕಾಕ ತಾಲ್ಲೂಕಿನ ಧೂಪದಾಳದ ಹತ್ತಿರ, ಘಟಪ್ರಭಾ ಪಕ್ಷಿಧಾಮದಲ್ಲಿ, ಚಳಿಗಾಲದಲ್ಲಿ ಬೂದು ಬಣ್ಣದ ಎತ್ತರದ ಹಕ್ಕಿಗಳ ಹಿಂಡು ಕಂಡಿರಿ ಅಂದುಕೊಳ್ಳಿ. ಫೋಟೊ ಹಾಕಿದಿರಿ. 'ಡೆಮೊಸೆಲ್ ಕ್ರೇನ್' ಅಂತ ಒಬ್ಬರು ಬರೆದರು. ಸರಿ, ಹೆಸರು ಗೊತ್ತಾಯಿತು. ಇನ್ನೊಬ್ಬರು ಹೀಗೆ ಬರೆದರು: 'ತಲೆ ಮೇಲೆ ಕೆಂಪು ಇಲ್ಲ ನೋಡಿ. ಕಣ್ಣಿನ ಹಿಂದೆ ಬಿಳಿ ಗರಿಗಳ ಕುಚ್ಚು ಇದೆ. ಕುತ್ತಿಗೆಯ ಕಪ್ಪು ಗರಿ ಎದೆ ತನಕ ಇಳಿಬಿದ್ದಿದೆ. ಕಾಮನ್ ಕ್ರೇನ್ ಆಗಿದ್ದರೆ ನೆತ್ತಿ ಮೇಲೆ ಕೆಂಪು ಇರುತ್ತಿತ್ತು, ಕಪ್ಪು ಕುತ್ತಿಗೆಗೇ ನಿಂತುಬಿಡುತ್ತಿತ್ತು.' ಈ ಉತ್ತರ ಓದಿದವರು ಮುಂದಿನ ಚಳಿಗಾಲದಲ್ಲಿ ಯಾರನ್ನೂ ಕೇಳಬೇಕಾಗಿಲ್ಲ. ಅದಕ್ಕೇ ಬರೀ ಹೆಸರು ಬಂದಾಗ 'ಹೆಂಗ ಗೊತ್ತಾತ್ರಿ ಸರ್?' ಅಂತ ಕೇಳುವುದರಲ್ಲಿ ಸಂಕೋಚ ಬೇಡ. ತಿಳಿದವರು ಅದನ್ನು ಅನುಮಾನ ಅಂದುಕೊಳ್ಳುವುದಿಲ್ಲ, ಖುಷಿಯಿಂದ ಹೇಳುತ್ತಾರೆ.

ಕೇಳುವವರ ಪಾಲಿನ ಕೆಲಸವೂ ಇದೆ. ಎಲ್ಲಿ, ಯಾವ ತಿಂಗಳು, ಎಷ್ಟು ದೊಡ್ಡದು, ಏನು ಮಾಡುತ್ತಿತ್ತು ಅನ್ನುವುದನ್ನು ಬರೆಯಬೇಕು. ಇವು ಫೋಟೊದಲ್ಲಿ ಕಾಣುವುದಿಲ್ಲ ಅಲ್ವಾ? ಡೆಮೊಸೆಲ್ ಕ್ರೇನ್ ಮರಿ ಮಾಡುವುದು ಮಧ್ಯ ಏಷ್ಯಾ, ಮಂಗೋಲಿಯಾ ಕಡೆ. ನಮ್ಮಲ್ಲಿಗೆ ಬರುವುದು ಚಳಿಗೆ. ಜೂನ್ ತಿಂಗಳ ಫೋಟೊ ಅಂತ ಗೊತ್ತಾದರೆ ಉತ್ತರ ಹೇಳುವವರು ಇನ್ನೊಮ್ಮೆ ಯೋಚಿಸುತ್ತಾರೆ.

ನಾಣ್ಯದವರ ಗುಂಪಿನಲ್ಲಿ ಇದೇ ಮಾತಿಗೆ ಬೇರೆ ಸಿದ್ಧತೆ ಬೇಕು. ಎರಡೂ ಬದಿಯ ಫೋಟೊ, ತೂಕ, ಅಗಲ. ತೂಕಕ್ಕೆ ಅಕ್ಕಸಾಲಿಗರ ತಕ್ಕಡಿ ಆದರೆ ಒಳ್ಳೆಯದು. ಕಂಪನಿ ಸರ್ಕಾರದ 1835ರ ಕಾಲಾಣೆ ತಾಮ್ರದ ನಾಣ್ಯ ಸುಮಾರು ಆರೂವರೆ ಗ್ರಾಂ ತೂಗಬೇಕು. ಬಹಳ ಹೆಚ್ಚುಕಡಿಮೆ ಆದರೆ ಅಲ್ಲೇ ಪ್ರಶ್ನೆ ಏಳುತ್ತದೆ. ಫೋಟೊಗೆ ಮುಂಚೆ ಹುಣಸೆಹಣ್ಣು ಹಚ್ಚಿ ಉಜ್ಜಬೇಡಿ, ದಯವಿಟ್ಟು. ಹೊಳಪು ಬರುತ್ತದೆ, ಗುರುತು ಹೋಗುತ್ತದೆ.

ವಿಜಯಪುರದ ಮಟ್ಟಿಗೆ ಒಂದು ನಾಣ್ಯದ ಬಗ್ಗೆ ಹೇಳಲೇಬೇಕು. ಅಲ್ಲಿನ ಸುಲ್ತಾನ ಎರಡನೇ ಅಲಿ ಆದಿಲ್ ಶಾಹನ ಕಾಲದಲ್ಲಿ, ಅಂದರೆ 1656ರಿಂದ 1672ರ ನಡುವೆ, ಲಾರಿನ್ ಅನ್ನುವ ಬೆಳ್ಳಿ ನಾಣ್ಯ ಇತ್ತು. ಅದು ದುಂಡಗಿಲ್ಲ. ಬೆಳ್ಳಿ ತಂತಿಯನ್ನು ನಡುವೆ ಮಡಚಿ, ಅದರ ಮೇಲೆ ಮುದ್ರೆ ಒತ್ತಿದ್ದು. ನೋಡಿದರೆ ತಲೆಗೆ ಹಾಕುವ ಹೇರ್‌ಪಿನ್ ಇದ್ದ ಹಾಗೆ. ಮನೆಯ ಹಳೆ ಡಬ್ಬಿಯಲ್ಲಿ ಸಿಕ್ಕರೆ ಮುರಿದ ಒಡವೆ ಅಂತ ಕರಗಿಸಲು ಕೊಟ್ಟುಬಿಡುವ ಅಪಾಯವೇ ಜಾಸ್ತಿ. ಇಂಥ ಜಾಗದಲ್ಲಿ ಒಬ್ಬ ಅಪರಿಚಿತರು ಹೇಳುವ ಒಂದು ಸಾಲು ಒಂದು ಚರಿತ್ರೆಯ ತುಂಡನ್ನೇ ಉಳಿಸುತ್ತದೆ.

ಇದಕ್ಕೆ ತದ್ವಿರುದ್ಧವಾದದ್ದೂ ಉಂಟು. ರಾಮ, ಹನುಮಂತನ ಚಿತ್ರ ಇರುವ, 'ಈಸ್ಟ್ ಇಂಡಿಯಾ ಕಂಪನಿ 1818' ಅಂತ ಬರೆದಿರುವ ಬಿಲ್ಲೆಗಳು ಮತ್ತೆ ಮತ್ತೆ ಬರುತ್ತವೆ. ಕಂಪನಿ ಅಂಥ ನಾಣ್ಯ ಹೊರಡಿಸಿಯೇ ಇಲ್ಲ, ಅವು ಆಮೇಲೆ ಮಾಡಿದವು. 'ಲಕ್ಷ ರೂಪಾಯಿಗೆ ಕೊಳ್ತೇವೆ, ಮೊದಲು ಶುಲ್ಕ ಕಟ್ಟಿ' ಅನ್ನುವವರಿಂದ ದೂರ ಇರಿ. ಹಳೆ ನೋಟು, ನಾಣ್ಯ ಮಾರಾಟಕ್ಕೆ ತನ್ನ ಹೆಸರು ಬಳಸಿ ಮೋಸ ನಡೆಯುತ್ತಿದೆ ಅಂತ ರಿಸರ್ವ್ ಬ್ಯಾಂಕೇ 2021ರಲ್ಲಿ ಎಚ್ಚರಿಸಿತ್ತು. ಹೊಲ ಹೊಡೆಯುವಾಗ ನಾಣ್ಯದ ಗಡಿಗೆಯೇ ಸಿಕ್ಕರೆ ಮಾತ್ರ ಐಡಿ ಕೇಳುತ್ತ ಕೂರಬೇಡಿ. ಕಾನೂನಿನ ಪ್ರಕಾರ ಜಿಲ್ಲಾಡಳಿತಕ್ಕೆ ತಿಳಿಸಬೇಕು.

ಶಾಸನ, ವೀರಗಲ್ಲಿನ ಫೋಟೊ ತೆಗೆಯುವವರು ನಡುಮಧ್ಯಾಹ್ನ ಹೋಗಬಾರದು. ಬೆಳಗ್ಗೆ ಅಥವಾ ಸಂಜೆ, ಬಿಸಿಲು ಓರೆಯಾಗಿ ಬಿದ್ದಾಗ ಅಕ್ಷರದ ತಗ್ಗಿನಲ್ಲಿ ನೆರಳು ನಿಲ್ಲುತ್ತದೆ. ಕತ್ತಲಲ್ಲಿ ಬದಿಯಿಂದ ಟಾರ್ಚ್ ಹಿಡಿದರೂ ಆಗುತ್ತದೆ. ಅಕ್ಷರಕ್ಕೆ ಪೇಂಟ್ ಹಚ್ಚುವುದಂತೂ ಬೇಡವೇ ಬೇಡ. ಓದಿಕೊಡುವವರು ಸಾಮಾನ್ಯವಾಗಿ ಶಕವರ್ಷ ಹೇಳುತ್ತಾರೆ, ಅದಕ್ಕೆ 78 ಕೂಡಿಸಿದರೆ ಈಗಿನ ಲೆಕ್ಕ ಸಿಗುತ್ತದೆ. ಬಾದಾಮಿಯ ಬಂಡೆಯ ಮೇಲೆ ಒಂದನೇ ಪುಲಕೇಶಿಯ ಶಾಸನ ಶಕ 465ರದ್ದು, ಅಂದರೆ 543.

ಒಬ್ಬರು ಹೇಳಿದ್ದು ತಪ್ಪಾಗಬಹುದಲ್ಲ? ಆಗಬಹುದು. ಅದಕ್ಕೇ ಹಕ್ಕಿ, ಚಿಟ್ಟೆ, ಗಿಡಗಳ ಗುರುತು ಕೇಳುವ ಐನ್ಯಾಚುರಲಿಸ್ಟ್ ಎಂಬ ಜಾಲತಾಣದಲ್ಲಿ ಒಂದು ಪದ್ಧತಿ ಇದೆ. 2008ರಲ್ಲಿ ಅಮೆರಿಕದ ಬರ್ಕ್ಲಿಯಲ್ಲಿ ವಿದ್ಯಾರ್ಥಿಗಳ ಪ್ರಾಜೆಕ್ಟ್ ಆಗಿ ಹುಟ್ಟಿದ್ದು ಅದು. ಫೋಟೊ ಇಲ್ಲವೇ ದನಿಮುದ್ರಣ, ದಿನಾಂಕ, ಜಾಗ ಇರಬೇಕು. ಗುರುತಿಸಿದವರಲ್ಲಿ ಮೂರನೇ ಎರಡು ಪಾಲಿಗಿಂತ ಹೆಚ್ಚು ಜನ ಒಂದೇ ಹೆಸರು ಹೇಳಬೇಕು. ಆಗ ಅದಕ್ಕೆ 'ರಿಸರ್ಚ್ ಗ್ರೇಡ್' ಅನ್ನುವ ಮುದ್ರೆ ಬೀಳುತ್ತದೆ. ಆದರೆ ಕಾರಣ ಬರೆಯದೆ ಸುಮ್ನೆ ಒಪ್ಪಿಕೊಂಡವರ ತಲೆ ಎಣಿಕೆ ಮೇಲೆ ನನಗೆ ಅಷ್ಟು ನಂಬಿಕೆ ಇಲ್ಲ. ಗುರುತಿನ ಚಿಹ್ನೆ ತೋರಿಸಿದ ಒಬ್ಬರ ಮಾತೇ ಗಟ್ಟಿ.

ಎರಡು ವಿಷಯಕ್ಕೆ ಫೋಟೊ ಐಡಿ ಸಾಲದು. ಹೊಲದಂಚಿನ ಅಣಬೆ ತಿನ್ನಬಹುದಾ ಅಂತ ಕೇಳಿ, ಬಂದ ಉತ್ತರ ನಂಬಿ ಸಾರು ಮಾಡಬೇಡಿ. ಹಾವು ಕಚ್ಚಿದಾಗ ಹೆಸರಿಗಾಗಿ ಕಾಯಬೇಡಿ. ನಮ್ಮಲ್ಲಿ ಕೊಡುವ ವಿಷನಿರೋಧಕ ಮದ್ದು ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕಕ್ಕೂ ಒಂದೇ. ಮೊದಲು ಆಸ್ಪತ್ರೆ.

ಗೂಡಿನಲ್ಲಿ ಕೂತ ಹಕ್ಕಿಯ ಫೋಟೊ ಹಾಕುವಾಗ ಊರು, ಕೆರೆ, ಮರದ ಗುರುತು ಬರೆಯಬೇಡಿ, ಜಿಲ್ಲೆ ಸಾಕು. ಫೋನಿನ ಲೊಕೇಶನ್ ಫೋಟೊದ ಜೊತೆಗೇ ಹೋಗಿಬಿಡಬಹುದು, ಅದನ್ನೂ ಆಫ್ ಮಾಡಿ. ಉತ್ತರ ಹೇಳುವವರಿಗೆ ನಿಖರವಾದ ಜಾಗ ಬೇಕಾದರೆ ಅವರೊಬ್ಬರಿಗೇ ಬೇರೆಯಾಗಿ ತಿಳಿಸಿದರಾಯಿತು.