ಐರ್ಲೆಂಡಿನ ಎಂಟನೇ ತಿದ್ದುಪಡಿ: ಚರ್ಚಿನ ನಿಲುವು ಸಂವಿಧಾನ ಸೇರಿದ್ದು, ಹೊರಬಿದ್ದದ್ದು

ಬೆಳಗಾವಿಯ ಸವಿತಾ ಹಾಲಪ್ಪನವರ 2012ರ ಅಕ್ಟೋಬರ್ 28ರಂದು ಐರ್ಲೆಂಡಿನ ಗಾಲ್ವೇ ನಗರದ ಆಸ್ಪತ್ರೆಯಲ್ಲಿ ತೀರಿಕೊಂಡರು. ದಂತವೈದ್ಯೆ, ವಯಸ್ಸು 31, 17 ವಾರದ ಗರ್ಭಿಣಿ. ಮಗು ಉಳಿಯುವುದಿಲ್ಲ ಎಂದು ವೈದ್ಯರೇ ಹೇಳಿದ್ದರು. ಹಾಗಿದ್ದರೆ ಗರ್ಭ ತೆಗೆದುಬಿಡಿ ಎಂದು ಗಂಡ ಹೆಂಡತಿ ಕೇಳಿಕೊಂಡರು. ಭ್ರೂಣದ ಎದೆಬಡಿತ ಇನ್ನೂ ಇದೆ, ಆಗುವುದಿಲ್ಲ ಎಂಬ ಉತ್ತರ ಬಂತು. ಇದು ಕ್ಯಾಥೊಲಿಕ್ ದೇಶ ಎಂದು ತಾನು ಸವಿತಾಗೆ ಹೇಳಿದ್ದು ನಿಜ ಎಂದು ಅಲ್ಲಿನ ನರ್ಸ್ ಒಬ್ಬರು ಮುಂದೆ ವಿಚಾರಣೆಯಲ್ಲಿ ಒಪ್ಪಿಕೊಂಡರು. ನೋಯಿಸಬೇಕು ಅಂತ ಆಡಿದ ಮಾತಲ್ಲ, ಇಲ್ಲಿ ಯಾಕೆ ಹೀಗೆ ಎಂದು ತಿಳಿಸಲು ಆಡಿದ್ದು ಎಂದರು.

ಅದನ್ನು ನಾನು ನಂಬುತ್ತೇನೆ. ಇಲ್ಲಿ ಕೇಳಬೇಕಾದ್ದು ಬೇರೆ. ಒಂದು ಧರ್ಮದ ನಿಲುವು ಆಸ್ಪತ್ರೆಯ ವಾರ್ಡಿನವರೆಗೆ ಬಂದದ್ದು ಹೇಗೆ? ಅದನ್ನು ತಂದದ್ದು ಸಂವಿಧಾನದ ಎಂಟನೇ ತಿದ್ದುಪಡಿ, ಹೊಟ್ಟೆಯಲ್ಲಿರುವ ಜೀವಕ್ಕೂ ತಾಯಿಯಷ್ಟೇ ಬದುಕುವ ಹಕ್ಕು ಕೊಟ್ಟದ್ದು.

ಗರ್ಭಪಾತಕ್ಕೆ ಜೀವಾವಧಿ ಶಿಕ್ಷೆ ಎಂದ 1861ರ ಕಾಯ್ದೆ ಬ್ರಿಟಿಷರದ್ದು. ಸ್ವತಂತ್ರ ಐರ್ಲೆಂಡ್ ಅದನ್ನು ಹಾಗೇ ಉಳಿಸಿಕೊಂಡಿತು. 1935ರಲ್ಲಿ ಗರ್ಭನಿರೋಧಕಗಳ ಮಾರಾಟಕ್ಕೂ ನಿಷೇಧ ಬಂತು. 1937ರ ಸಂವಿಧಾನ ಕ್ಯಾಥೊಲಿಕ್ ಚರ್ಚಿಗೆ ‘ವಿಶೇಷ ಸ್ಥಾನ’ ಕೊಟ್ಟಿತು.

ಆ ಸ್ಥಾನದ ತೂಕ ಎಷ್ಟು ಎಂಬುದು ಗೊತ್ತಾಗಿದ್ದು 1951ರಲ್ಲಿ. ಆರೋಗ್ಯ ಸಚಿವ ನೋಯಲ್ ಬ್ರೌನ್ ತಾಯಂದಿರಿಗೂ ಮಕ್ಕಳಿಗೂ ಉಚಿತ ಚಿಕಿತ್ಸೆ ಕೊಡುವ ಯೋಜನೆ ತಂದರು. ಬಿಷಪ್‌ಗಳು ಬೇಡ ಎಂದರು. ಹೆಂಗಸರ ಚಿಕಿತ್ಸೆ ಎಂಬ ಹೆಸರಿನಲ್ಲಿ ಸರ್ಕಾರ ಮುಂದೆ ಸಂತಾನ ನಿಯಂತ್ರಣ, ಗರ್ಭಪಾತವನ್ನೂ ಒಳಗೆ ಬಿಟ್ಟರೆ ಏನು ಗತಿ ಎಂಬುದು ಅವರ ಆತಂಕಗಳಲ್ಲಿ ಒಂದು. ವೈದ್ಯರ ಸಂಘಕ್ಕೂ ಆದಾಯ ಹೋಗುವ ಭಯ ಇತ್ತು. ಸಂಪುಟ ಬ್ರೌನ್ ಅವರ ಕೈಬಿಟ್ಟಿತು. ಅವರು ರಾಜೀನಾಮೆ ಕೊಟ್ಟು, ಬಿಷಪ್‌ಗಳ ಜೊತೆಗಿನ ಪತ್ರವ್ಯವಹಾರವನ್ನೆಲ್ಲ ಪತ್ರಿಕೆಗೆ ಕೊಟ್ಟರು. ಚುನಾಯಿತ ಸರ್ಕಾರ ಯಾರ ಒಪ್ಪಿಗೆಗೆ ಕಾಯುತ್ತಿತ್ತು ಎಂದು ಜನ ಕಣ್ಣಾರೆ ಓದಿದರು.

ಹಾಗಂತ ಎಂಟನೇ ತಿದ್ದುಪಡಿ ಚರ್ಚಿನ ಬಲ ಏರುತ್ತಿದ್ದ ಕಾಲದ್ದಲ್ಲ. ಅದು ಬಂದದ್ದು ಹಿಡಿತ ಸಡಿಲವಾಗುತ್ತಿದೆ ಎಂಬ ಭಯದಿಂದ. 1972ರಲ್ಲಿ ಜನ ಮತ ಹಾಕಿ ಆ ವಿಶೇಷ ಸ್ಥಾನವನ್ನು ತೆಗೆದರು. 1973ರಲ್ಲಿ ಐರಿಷ್ ಸುಪ್ರೀಂ ಕೋರ್ಟ್ ಮದುವೆಯಾದವರು ಗರ್ಭನಿರೋಧಕ ಬಳಸುವುದು ಅವರ ಖಾಸಗಿ ವಿಷಯ ಎಂದಿತು. ಅದೇ ವರ್ಷ ಅಮೆರಿಕದ ಸುಪ್ರೀಂ ಕೋರ್ಟ್ ಕೂಡ ಖಾಸಗಿತನದ ಹಕ್ಕಿನ ಮೇಲೆಯೇ ಗರ್ಭಪಾತಕ್ಕೆ ದಾರಿ ಬಿಟ್ಟಿತು. ನಮ್ಮ ಜಡ್ಜ್‌ಗಳೂ ನಾಳೆ ಹೀಗೇ ಮಾಡಿದರೆ? ಡಬ್ಲಿನ್ನಿನ ಕ್ಯಾಥೊಲಿಕ್ ವೈದ್ಯರು, ವಕೀಲರು ನಿದ್ದೆಗೆಟ್ಟಿದ್ದು ಈ ಪ್ರಶ್ನೆಗೆ. 1979ರಲ್ಲಿ ಪೋಪ್ ಎರಡನೇ ಜಾನ್ ಪಾಲ್ ಬಂದಾಗ ಒಂದೇ ದಿನ ಹತ್ತು ಲಕ್ಷಕ್ಕೂ ಹೆಚ್ಚು ಜನ ಸೇರಿದ್ದರು. ಆ ಹುಮ್ಮಸ್ಸು ಇನ್ನೂ ಆರಿರಲಿಲ್ಲ. 1981ರಲ್ಲಿ ಆ ವೈದ್ಯರು, ವಕೀಲರು ಒಂದು ಸಂಘಟನೆ ಕಟ್ಟಿಕೊಂಡು, ಗರ್ಭಪಾತಕ್ಕೆ ಅಡ್ಡಿಯನ್ನು ಸಂವಿಧಾನಕ್ಕೇ ಸೇರಿಸಿ ಎಂದು ಪಕ್ಷಗಳ ಬಾಗಿಲು ತಟ್ಟಿದರು.

ಕಾಲವೂ ಅವರಿಗೆ ಕೂಡಿಬಂತು. 1981 ಮತ್ತು 1982ರಲ್ಲಿ ಐರ್ಲೆಂಡ್ ಮೂರು ಸಾರ್ವತ್ರಿಕ ಚುನಾವಣೆ ಕಂಡಿತು. ಒಂದೊಂದು ಸೀಟಿಗೂ ಬೆಲೆ ಇದ್ದಾಗ ಇದನ್ನು ಬೇಡ ಎನ್ನುವ ಧೈರ್ಯ ಯಾವ ನಾಯಕನಿಗಿತ್ತು? ಎರಡು ದೊಡ್ಡ ಪಕ್ಷಗಳ ನಾಯಕರಾದ ಚಾರ್ಲ್ಸ್ ಹಾಹಿ, ಗ್ಯಾರೆಟ್ ಫಿಟ್ಸ್‌ಜೆರಾಲ್ಡ್ ಇಬ್ಬರೂ ಮಾತು ಕೊಟ್ಟರು. ತಿದ್ದುಪಡಿಯ ಪದಗಳು ಗೊಂದಲ ಹುಟ್ಟಿಸುತ್ತವೆ ಎಂದು ಅಟಾರ್ನಿ ಜನರಲ್ ಪೀಟರ್ ಸದರ್ಲೆಂಡ್ ಎಚ್ಚರಿಸಿದರು. ಫಿಟ್ಸ್‌ಜೆರಾಲ್ಡ್ ಕೂಡ ಆಮೇಲೆ ಆ ಪದಗಳನ್ನು ವಿರೋಧಿಸಿದರು. ಅಷ್ಟರಲ್ಲಿ ತಡವಾಗಿತ್ತು. 1983ರ ಸೆಪ್ಟೆಂಬರ್ 7ರಂದು ಶೇ 66.9ರಷ್ಟು ಮತದಾರರು ‘ಹೌದು’ ಎಂದರು. ಹೊಟ್ಟೆಯಲ್ಲಿರುವ ಜೀವಕ್ಕೂ ತಾಯಿಗೂ ಬದುಕುವ ಹಕ್ಕು ಸಮ ಎಂಬುದು ಸಂವಿಧಾನ ಸೇರಿತು.

ಸಮ ಎಂದು ಬರೆಯುವುದು ಸುಲಭ. 1992ರಲ್ಲಿ ಅತ್ಯಾಚಾರಕ್ಕೆ ಒಳಗಾದ 14ರ ಹುಡುಗಿ ಗರ್ಭಪಾತಕ್ಕೆ ಇಂಗ್ಲೆಂಡಿಗೆ ಹೋಗದಂತೆ ಹೈಕೋರ್ಟ್ ತಡೆಯಿತು. ಅವಳು ಆತ್ಮಹತ್ಯೆಯ ಮಾತಾಡುತ್ತಿದ್ದಳು. ಸುಪ್ರೀಂ ಕೋರ್ಟ್ ಆ ತಡೆಯನ್ನು ತೆಗೆದು, ತಾಯಿಯ ಜೀವಕ್ಕೆ ನಿಜವಾದ ಅಪಾಯವಿದ್ದರೆ, ಆತ್ಮಹತ್ಯೆಯ ಅಪಾಯವೂ ಸೇರಿ, ಗರ್ಭಪಾತ ಮಾಡಬಹುದು ಎಂದಿತು. ಆದರೆ ಎಷ್ಟು ಅಪಾಯ ಇದ್ದರೆ ಸಾಕು, ಅದನ್ನು ಯಾರು ತೀರ್ಮಾನಿಸಬೇಕು ಎಂದು ಹೇಳುವ ಕಾನೂನನ್ನು ಮುಂದಿನ 20 ವರ್ಷ ಯಾವ ಸರ್ಕಾರವೂ ಮಾಡಲಿಲ್ಲ. ಹಡಗು, ವಿಮಾನದ ದುಡ್ಡು ಹೊಂದಿಸಿಕೊಂಡವರು ವರ್ಷಕ್ಕೆ ಸಾವಿರಾರು ಮಂದಿ ಇಂಗ್ಲೆಂಡಿಗೆ ಹೋಗಿ ಬಂದರು. ಉಳಿದವರ ಪಾಡು ಯಾರಿಗೂ ಬೇಡವಾಗಿತ್ತು.

ಸವಿತಾ ಸಿಕ್ಕಿಕೊಂಡದ್ದು ಈ ಖಾಲಿ ಜಾಗದಲ್ಲಿ. ಮೊದಲ ಎರಡು ದಿನಗಳಲ್ಲೇ ಗರ್ಭ ತೆಗೆದಿದ್ದರೆ ಅವರು ಬಹುಶಃ ಬದುಕುತ್ತಿದ್ದರು, ಆದರೆ ಆಗ ಕಾನೂನು ಬಿಡುತ್ತಿರಲಿಲ್ಲ, ಕಾನೂನು ಬಿಡುವ ಹೊತ್ತಿಗೆ ಕೈಮೀರಿತ್ತು ಎಂದು ತಜ್ಞ ವೈದ್ಯ ಪೀಟರ್ ಬಾಯ್ಲನ್ ಸಾಕ್ಷ್ಯ ನುಡಿದರು. ಸೋಂಕಿನ ಲಕ್ಷಣಗಳನ್ನು ಆಸ್ಪತ್ರೆ ಸರಿಯಾಗಿ ಗಮನಿಸಲಿಲ್ಲ ಎಂಬುದೂ ತನಿಖೆಗಳಲ್ಲಿ ಬಯಲಾಯಿತು. ಎರಡೂ ನಿಜ. ಭಾರತದಲ್ಲಿ 1971ರಿಂದಲೇ ಗರ್ಭಪಾತಕ್ಕೆ ಕಾನೂನಿನ ಅವಕಾಶ ಇದೆ. ಆ ಕಾಯ್ದೆ ಬಂದಾಗ ಮುಂದಿದ್ದದ್ದು ಕದ್ದುಮುಚ್ಚಿ ಮಾಡಿಸಿಕೊಂಡು ಸಾಯುತ್ತಿದ್ದ ಹೆಂಗಸರ ಚಿಂತೆ. ಮಗಳಿಗೆ ಯಾಕೆ ಇಲ್ಲ ಎಂದರು ಎಂಬುದು ಬೆಳಗಾವಿಯ ಆ ತಂದೆ ತಾಯಿಗೆ ಅರ್ಥವಾಗದೆ ಹೋದದ್ದರಲ್ಲಿ ಆಶ್ಚರ್ಯವೇನಿದೆ?

ಅಷ್ಟು ಹೊತ್ತಿಗೆ ಚರ್ಚಿನ ನೈತಿಕ ಬಲವೂ ಕುಸಿದಿತ್ತು. ಚರ್ಚಿನ ಸಂಸ್ಥೆಗಳಲ್ಲಿ ಮಕ್ಕಳು ಪಟ್ಟ ಹಿಂಸೆಯನ್ನು 2009ರ ರಯಾನ್ ವರದಿ ತೆರೆದಿಟ್ಟಿತ್ತು. 2013ರಲ್ಲಿ, ತಾಯಿಯ ಜೀವಕ್ಕೆ ಅಪಾಯವಿದ್ದಾಗ ಮಾತ್ರ ಗರ್ಭಪಾತಕ್ಕೆ ಬಿಡುವ ಸೀಮಿತ ಕಾಯ್ದೆ ತರುವಾಗ, ತಾನು ಕ್ಯಾಥೊಲಿಕನಾದರೂ ಎಲ್ಲರ ಪ್ರಧಾನಿ ಎಂಬರ್ಥದ ಮಾತನ್ನು ಎಂಡಾ ಕೆನ್ನಿ ಸಂಸತ್ತಿನಲ್ಲೇ ಆಡಿದರು. 1951ರಲ್ಲಿ ಅದನ್ನು ಊಹಿಸಲೂ ಆಗುತ್ತಿರಲಿಲ್ಲ. ಆಮೇಲೆ 99 ಸಾಮಾನ್ಯ ನಾಗರಿಕರನ್ನು ಆರಿಸಿ ಒಂದು ಸಭೆ ಮಾಡಿದರು. ವೈದ್ಯರ, ವಕೀಲರ, ಎರಡೂ ಕಡೆಯವರ ಮಾತು ತಿಂಗಳುಗಟ್ಟಲೆ ಕೇಳಿ ಅವರು ಬದಲಾವಣೆಗೆ ಶಿಫಾರಸು ಮಾಡಿದರು. ರಾಜಕಾರಣಿಗಳು ಹೆದರಿ ಕೂತಿದ್ದ ಕೆಲಸವನ್ನು ಸಾಮಾನ್ಯ ಜನ ಮಾಡಿ ತೋರಿಸಿದ್ದು ನನಗೆ ಈ ಇಡೀ ಚರಿತ್ರೆಯಲ್ಲೇ ತುಂಬ ಇಷ್ಟವಾದ ಭಾಗ.

2018ರ ಮೇ 25ರಂದು ಶೇ 66.4ರಷ್ಟು ಜನ ತಿದ್ದುಪಡಿ ತೆಗೆಯಲು ಮತ ಹಾಕಿದರು. ಮತ ಹಾಕಲಿಕ್ಕೆಂದೇ ಹೊರದೇಶಗಳಿಂದ ಮನೆಗೆ ಬಂದವರಿದ್ದರು. ಸವಿತಾ ತಂದೆಯೂ ಬೆಳಗಾವಿಯಿಂದಲೇ ‘ಹೌದು’ ಎನ್ನಿ ಎಂದು ಕೇಳಿಕೊಂಡಿದ್ದರು. 2016ರ ಜನಗಣತಿಯಲ್ಲಿ ಶೇ 78ರಷ್ಟು ಜನ ತಾವು ಕ್ಯಾಥೊಲಿಕರು ಎಂದಿದ್ದರು. ಈ ಎರಡು ಅಂಕಿಗಳನ್ನು ಜೊತೆಗಿಟ್ಟು ನೋಡಿ. ‘ಹೌದು’ ಎಂದವರಲ್ಲಿ ದೊಡ್ಡ ಪಾಲು ಕ್ಯಾಥೊಲಿಕರೇ ಇರಬೇಕು, ಅಲ್ವಾ? ಅವರು ದೇವರನ್ನು ಬಿಟ್ಟು ಬಂದವರಲ್ಲ. ತಮ್ಮ ನಂಬಿಕೆಯನ್ನು ಇನ್ನೊಬ್ಬಳ ಮೇಲೆ ಕಾನೂನಾಗಿ ಹೇರಲು ಒಪ್ಪದವರು.

2019ರ ಜನವರಿಯಿಂದ 12 ವಾರದವರೆಗೆ ಕಾರಣ ಕೇಳದೆ ಗರ್ಭಪಾತ ಮಾಡಿಸಿಕೊಳ್ಳಬಹುದು. ಆದರೆ ವೈದ್ಯರು ಪ್ರಮಾಣೀಕರಿಸಿದ ಮೇಲೆ ಮೂರು ದಿನ ಕಾಯಬೇಕು. ಮನಸ್ಸಾಕ್ಷಿ ಒಪ್ಪದ ವೈದ್ಯರು ಮಾಡಲ್ಲ ಎನ್ನಬಹುದು, ಬೇರೆಯವರ ಬಳಿ ಕಳಿಸಬೇಕು. ಮೂರು ದಿನದ ಕಾಯುವಿಕೆ ಕಡ್ಡಾಯ ಇರಬಾರದು ಎಂದು 2023ರ ಸ್ವತಂತ್ರ ಪರಿಶೀಲನಾ ವರದಿ ಹೇಳಿತು. ವಾದ ಈಗ ಅದರ ಸುತ್ತ ನಡೆದಿದೆ.