ತಣ್ಣೀರಿಗೆ ಇಳಿದ ಮೊದಲ ನಿಮಿಷ ಈಜಬೇಡಿ

ತೆರೆದ ನೀರಿನಲ್ಲಿ ಈಜು ಕಲಿಸುವುದು ನನ್ನ ಕೆಲಸ. ಕೆರೆಗೆ ಹೊಸದಾಗಿ ಬರುವವರಲ್ಲಿ ನನಗೆ ಜಾಸ್ತಿ ಆತಂಕ ತರುವವರು ಈಜು ಅಷ್ಟಾಗಿ ಬಾರದವರಲ್ಲ. ಅವರು ಹೇಗೂ ಹುಷಾರಾಗಿರುತ್ತಾರೆ. ಮೊಣಕಾಲುದ್ದ ನೀರಿನಲ್ಲೇ ನಿಂತು ಯೋಚನೆ ಮಾಡುತ್ತಾರೆ. ಈಜುಕೊಳದಲ್ಲಿ ಒಂದು ಗಂಟೆ ನಿಲ್ಲದೆ ಈಜುವವರು ಬಂದಾಗಲೇ ನಾನು ಹತ್ತಿರ ಹೋಗಿ ನಿಲ್ಲುವುದು. ಕೊಳದ ನೀರು ಸಾಮಾನ್ಯವಾಗಿ 26ರಿಂದ 28 ಡಿಗ್ರಿ ಸೆಲ್ಸಿಯಸ್ ಇರುತ್ತದೆ. ಚಳಿ ಸೀಮೆಯ ಹಳ್ಳಿಗಾಡಿನ ಕೆರೆಯಲ್ಲಿ ಅದು 12 ಇರಬಹುದು, 8 ಇರಬಹುದು. ಈ ವ್ಯತ್ಯಾಸವನ್ನು ತೋಳಿನ ಬಲದಿಂದ ಗೆಲ್ಲಲು ಆಗುವುದಿಲ್ಲ.

15 ಡಿಗ್ರಿಗಿಂತ ಕೆಳಗಿನದನ್ನು ನಾವು ತಣ್ಣೀರು ಎಂದು ಲೆಕ್ಕ ಹಾಕುತ್ತೇವೆ. ಅಂಥ ನೀರಿಗೆ ಥಟ್ಟನೆ ಇಳಿದರೆ ಚರ್ಮ ಒಮ್ಮೆಲೇ ತಣ್ಣಗಾಗುತ್ತದೆ. ಆಗ ಎದೆಯಾಳದಿಂದ ಒಂದು ದೊಡ್ಡ ಉಸಿರು ತಾನಾಗಿಯೇ ಒಳಗೆ ನುಗ್ಗುತ್ತದೆ. ನೀವು ತಡೆಯುತ್ತೇನೆಂದರೂ ತಡೆಯಲು ಬರುವುದಿಲ್ಲ. ಹಿಂದೆಯೇ ಏದುಸಿರು ಶುರುವಾಗುತ್ತದೆ. ಚರ್ಮದ ರಕ್ತನಾಳಗಳು ಬಿಗಿಯುತ್ತವೆ, ರಕ್ತದೊತ್ತಡ ಏರುತ್ತದೆ, ಎದೆ ಡವಡವ ಹೊಡೆದುಕೊಳ್ಳುತ್ತದೆ. ಇದಕ್ಕೆ ಕೋಲ್ಡ್ ಶಾಕ್ ಎನ್ನುತ್ತಾರೆ. ಮೊದಲ ಅರ್ಧ ನಿಮಿಷದಲ್ಲಿ ಇದು ಅತಿ ಜೋರು. ಎರಡು ಮೂರು ನಿಮಿಷದಲ್ಲಿ ಇಳಿದುಹೋಗುತ್ತದೆ. ತಣ್ಣೀರಿನಲ್ಲಿ ಸತ್ತವರು ಮೈ ಹೆಪ್ಪುಗಟ್ಟಿ ಸತ್ತರು ಎಂದು ಜನ ಅಂದುಕೊಳ್ಳುತ್ತಾರೆ. ಆದರೆ ದೊಡ್ಡವರ ಮೈ ಅಷ್ಟು ತಣ್ಣಗಾಗಲು ಅರ್ಧ ಗಂಟೆಯಾದರೂ ಬೇಕು. ಎಷ್ಟೋ ಜನ ಅದಕ್ಕಿಂತ ಬಹಳ ಮುಂಚೆ, ಆ ಮೊದಲ ಉಸಿರಿನ ಜೊತೆ ನೀರು ಒಳಗೆ ಹೋಗಿಯೇ ಮುಳುಗುತ್ತಾರೆ.

ಹಾಗಾಗಿ ಹಾರಬೇಡಿ, ಡೈವ್ ಹೊಡೆಯಬೇಡಿ. ಆ ಉಸಿರು ನುಗ್ಗುವ ಹೊತ್ತಿಗೆ ಮುಖ ನೀರಿನ ಮೇಲಿರಬೇಕು. ಕೆರೆಯ ತಳದಲ್ಲಿ ಕಲ್ಲಿದೆಯೋ ಮರದ ಬೊಡ್ಡೆಯಿದೆಯೋ ಕಾಣುವುದಿಲ್ಲ ಎನ್ನುವುದು ಇನ್ನೊಂದು ಕಾರಣ. ಕತ್ತು ಮುರಿದುಕೊಂಡವರ ಕಥೆ ಇಲ್ಲಿ ಬೇಡ.

ಮುಖದ ವಿಷಯದಲ್ಲಿ ಇನ್ನೊಂದು ಸೂಕ್ಷ್ಮ ಇದೆ. ಉಸಿರು ಹಿಡಿದು ಮುಖವನ್ನು ತಣ್ಣೀರಿನಲ್ಲಿ ಮುಳುಗಿಸಿದರೆ ಎದೆಬಡಿತ ನಿಧಾನವಾಗುತ್ತದೆ. ಕೋಲ್ಡ್ ಶಾಕ್ ಅದೇ ಬಡಿತವನ್ನು ಜೋರು ಮಾಡುತ್ತದೆ. ಎರಡೂ ಒಟ್ಟಿಗೆ ಬಂದರೆ ಹೃದಯಕ್ಕೆ ಎರಡು ಕಡೆಯಿಂದ ತದ್ವಿರುದ್ಧ ಆಜ್ಞೆ. ಬ್ರಿಟನ್ನಿನ ಪೋರ್ಟ್ಸ್‌ಮತ್ ವಿಶ್ವವಿದ್ಯಾಲಯದ ಮೈಕ್ ಟಿಪ್ಟನ್ ಮತ್ತು ಅವರ ಸಂಗಡಿಗ ಮೈಕಲ್ ಶಾಟಕ್ 2012ರಲ್ಲಿ ಈ ಎಳೆದಾಟದ ಬಗ್ಗೆ ಬರೆದರು. ಆರೋಗ್ಯವಂತರಲ್ಲೂ ಇದರಿಂದ ಬಡಿತದ ಲಯ ತಪ್ಪಬಹುದು. ಒಳಗೇ ತೊಂದರೆ ಇರುವ ಹೃದಯಕ್ಕೆ ಅದು ಅಪಾಯ. ಅದಕ್ಕೇ ನಾನು ಶುರುವಿನಲ್ಲಿ ಮುಖ ಮುಳುಗಿಸಲು ಬಿಡುವುದಿಲ್ಲ, ಉಸಿರು ಹಿಡಿಯಲೂ ಬಿಡುವುದಿಲ್ಲ.

ಮತ್ತೆ ಇಳಿಯುವುದು ಹೇಗೆ? ನಡೆದುಕೊಂಡು. ಕಣಕಾಲು, ಮೊಣಕಾಲು, ಸೊಂಟ. ಸೊಂಟದ ಹತ್ತಿರ ನಿಂತು ಕೈ, ಕತ್ತು, ಮುಖಕ್ಕೆ ನೀರು ಚಿಮುಕಿಸಿಕೊಳ್ಳಿ. ಉಸಿರನ್ನು ಎಳೆಯುವ ಕಡೆ ಗಮನ ಬೇಡ. ಅದು ತಾನೇ ಬರುತ್ತದೆ. ಬಿಡುವುದನ್ನು ಉದ್ದ ಮಾಡಿ. ಆಮೇಲೆ ಕತ್ತಿನವರೆಗೆ ಇಳಿದು, ಕಾಲು ನೆಲಕ್ಕೆ ತಾಗುವ ಕಡೆಯೇ ನಿಲ್ಲಿ. ಈ ಹೊತ್ತಿನಲ್ಲಿ ನಾನು ಸುಮ್ನೆ ಮಾತಾಡಿಸುತ್ತಾ ಇರುತ್ತೇನೆ. ಬೆಳಿಗ್ಗೆ ಎಷ್ಟು ಗಂಟೆಗೆ ಎದ್ದಿರಿ, ದಾರಿಯಲ್ಲಿ ಏನು ನೋಡಿದಿರಿ, ಹೀಗೆ. ನಡುವೆ ತಡೆಯದೆ ಒಂದು ಉದ್ದ ವಾಕ್ಯ ಪೂರ್ತಿ ಹೇಳಲು ಬಂದರೆ ಆಗ ಈಜಬಹುದು. ಅಲ್ಲಿಯವರೆಗೆ ಇಲ್ಲ.

ಆಕಸ್ಮಿಕವಾಗಿ ಬಿದ್ದರೂ ಇದೇ ಮಾತು. ದಡದ ಕಡೆ ಕೈಕಾಲು ಬಡಿಯಬೇಡಿ. ಅಂಗಾತ ಮಲಗಿ, ಕಿವಿ ನೀರಿನಲ್ಲಿ ಇರಲಿ, ಬಾಯಿ ಮೂಗು ಮೇಲಿರಲಿ, ಕೈಗಳನ್ನು ಮೆಲ್ಲಗೆ ಆಡಿಸುತ್ತಾ ತೇಲಿ. ಬ್ರಿಟನ್ನಿನ ಲೈಫ್‌ಬೋಟ್ ಸಂಸ್ಥೆ ಆರ್‌ಎನ್‌ಎಲ್‌ಐ ವರ್ಷಗಳಿಂದ ಜನರಿಗೆ ಹೇಳಿಕೊಡುತ್ತಿರುವುದು ಇದನ್ನೇ. ಉಸಿರು ಹತೋಟಿಗೆ ಬಂದ ಮೇಲೆ ಈಜುವುದೋ ಕೂಗುವುದೋ ನಿರ್ಧಾರ ಮಾಡಿ.

ಸಮಾಧಾನದ ಸಂಗತಿ ಎಂದರೆ ಮೈ ಬೇಗ ಕಲಿಯುತ್ತದೆ. ಎರಡು ಮೂರು ನಿಮಿಷದಂತೆ ಐದಾರು ಸಲ ತಣ್ಣೀರಿನಲ್ಲಿ ಇದ್ದು ಬಂದರೆ ಆ ಆಘಾತ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಕಲಿತದ್ದರಲ್ಲಿ ಒಂದಷ್ಟು ತಿಂಗಳುಗಟ್ಟಲೆ ಉಳಿಯುತ್ತದೆ. ಆದರೆ ಮೈಗೆ ರೂಢಿಯಾಗುವುದು ಆ ಆಘಾತ ಮಾತ್ರ. ತೋಳಿನ ಮಾಂಸಖಂಡ ಮೊದಲಿನಷ್ಟೇ ಬೇಗ ತಣ್ಣಗಾಗುತ್ತದೆ. ರೂಢಿಯವರು ಎಡವುವುದು ಇಲ್ಲೇ. ಚಳಿ ಗೊತ್ತಾಗುತ್ತಿಲ್ಲ ಎಂದು ಮುಂದೆ ಮುಂದೆ ಹೋಗುತ್ತಾರೆ.

ಕೆನಡಾದ ಮ್ಯಾನಿಟೋಬಾ ವಿಶ್ವವಿದ್ಯಾಲಯದ ಗಾರ್ಡನ್ ಗೀಸ್‌ಬ್ರೆಕ್ಟ್ ತಣ್ಣೀರಿನಲ್ಲಿ ಸಿಗುವ ಸಮಯವನ್ನು ಒಂದು, ಹತ್ತು, ಒಂದು ಎಂದು ಹೇಳಿಕೊಟ್ಟಿದ್ದಾರೆ. ಹಿಮದಷ್ಟು ತಣ್ಣಗಿನ ನೀರಿನಲ್ಲಿ ಉಸಿರು ಹಿಡಿತಕ್ಕೆ ಬರಲು 1 ನಿಮಿಷ. ಕೈಕಾಲು ಹೇಳಿದ ಮಾತು ಕೇಳುವುದು ಸುಮಾರು 10 ನಿಮಿಷ. ಮೈ ತಣ್ಣಗಾಗಿ ಎಚ್ಚರ ತಪ್ಪಲು ಸುಮಾರು 1 ಗಂಟೆ. ಆ ನಡುವಿನ ಹತ್ತನ್ನೇ ಜನ ಮರೆಯುತ್ತಾರೆ. ಮುಂಗೈಯ ನರ, ಸ್ನಾಯುಗಳು ಚರ್ಮಕ್ಕೆ ಹತ್ತಿರ ಇರುತ್ತವೆ, ಬೇಗ ತಣಿಯುತ್ತವೆ. ದಡದಿಂದ ನೋಡುವವರಿಗೆ ಇದು ಚೆನ್ನಾಗಿ ಕಾಣುತ್ತದೆ. ತೋಳಿನ ಬೀಸು ಗಿಡ್ಡವಾಗುತ್ತದೆ, ಬೆರಳುಗಳು ಅಗಲಿ ಸೆಟೆದುಕೊಳ್ಳುತ್ತವೆ, ಕಾಲು ಕೆಳಗಿಳಿದು ಮೈ ನೆಟ್ಟಗಾಗುತ್ತದೆ. ಈಜುವವರು ಹೆಬ್ಬೆರಳನ್ನು ಕಿರುಬೆರಳಿಗೆ ಆಗಾಗ ತಾಗಿಸಿ ನೋಡಬೇಕು. ತಾಗದಿದ್ದರೆ ಆಗಲೇ ತಡವಾಗಿದೆ, ಬೇಗ ದಡ ಸೇರಿ. ಕೆರೆಯನ್ನು ಅಡ್ಡ ದಾಟುವ ಆಸೆ ಎಲ್ಲರಿಗೂ ಬರುತ್ತದೆ, ಅಲ್ವಾ? ದಡದುದ್ದಕ್ಕೂ ಈಜಿ. ಅಷ್ಟೇ ದೂರ, ಆದರೆ ಯಾವ ಕ್ಷಣದಲ್ಲಿ ಬೇಕಾದರೂ ಕಾಲೂರಬಹುದು.

ತಣ್ಣೀರಿನ ಈಜಿಗೆ ಹೆಸರಾದ ಲೂಯಿಸ್ ಪ್ಯೂ 2007ರಲ್ಲಿ ಉತ್ತರ ಧ್ರುವದಲ್ಲಿ ಮೈನಸ್ 1.7 ಡಿಗ್ರಿ ನೀರಿನಲ್ಲಿ ಒಂದು ಕಿಲೋಮೀಟರ್ ಈಜಿದ್ದನ್ನು ಹುಡುಗರು ನನಗೆ ನೆನಪಿಸುತ್ತಾರೆ. 18 ನಿಮಿಷ 50 ಸೆಕೆಂಡ್. ನಿಜ, ದೊಡ್ಡ ಸಾಧನೆ. ಹಿಂದೆ ವರ್ಷಗಳ ತಯಾರಿ ಇತ್ತು, ಪಕ್ಕದಲ್ಲಿ ತಂಡ ಇತ್ತು. ಆಮೇಲೆ ಕೈಬೆರಳುಗಳಿಗೆ ಸ್ಪರ್ಶ ಮರಳಲು ತಿಂಗಳುಗಳೇ ಹಿಡಿದವು ಎಂದು ಅವರೇ ಹೇಳಿದ್ದಾರೆ. ಆ ಭಾಗವನ್ನೂ ನೆನಪಿಡಿ ಎನ್ನುತ್ತೇನೆ.

ಇನ್ನು ಕೆರೆಯ ಸ್ವಭಾವ. ಬಿಸಿಲಿಗೆ ಮೇಲಿನ ನೀರು ಬೆಚ್ಚಗಾಗಿ ತೇಲುತ್ತದೆ. ಒಂದೆರಡು ಮೀಟರ್ ಕೆಳಗೆ ಬೇರೆಯೇ ಲೋಕ. ಜೋರು ಗಾಳಿ ಬೀಸಿದರೆ ಬೆಚ್ಚಗಿನ ನೀರು ಒಂದು ದಡಕ್ಕೆ ತಳ್ಳಿಹೋಗಿ ಇನ್ನೊಂದು ದಡದಲ್ಲಿ ಕೆಳಗಿನ ತಣ್ಣೀರು ಮೇಲೆದ್ದು ಬರುತ್ತದೆ. ನಿನ್ನೆ ಹಿತವಾಗಿದ್ದ ಜಾಗ ಇವತ್ತು ಕೊರೆಯುತ್ತದೆ. ಹಾಗಾಗಿ ಥರ್ಮಾಮೀಟರ್ ಇಟ್ಟುಕೊಳ್ಳಿ, ಪ್ರತಿ ಸಲ ಅಳೆಯಿರಿ. ಚಳಿಗಾಲ ಮುಗಿದು ಬಿಸಿಲು ಏರುವ ದಿನಗಳೇ ಹೆಚ್ಚು ಮೋಸ ಮಾಡುವುದು. ಗಾಳಿ ಬೆಚ್ಚಗಿರುತ್ತದೆ, ನೀರು ಇನ್ನೂ ಚಳಿಗಾಲದಲ್ಲೇ ಇರುತ್ತದೆ.

ತೂಬು, ಕೋಡಿಯ ಹತ್ತಿರ ಹೋಗಲೇಬೇಡಿ, ನೀರಿನ ಸೆಳೆತ ಮೇಲಿಂದ ಕಾಣುವುದಿಲ್ಲ. ಜೊಂಡು, ಬಳ್ಳಿ ಕಾಲಿಗೆ ಸುತ್ತಿದರೆ ಒದೆಯಬೇಡಿ. ಒದ್ದಷ್ಟೂ ಬಿಗಿಯುತ್ತದೆ. ತೇಲುತ್ತಾ ಮೆಲ್ಲಗೆ ಬಿಡಿಸಿಕೊಂಡು ಬಂದ ದಾರಿಯಲ್ಲೇ ಹಿಂತಿರುಗಿ. ದಡದಲ್ಲಿ ಹಸಿರು ಪೇಂಟ್ ಚೆಲ್ಲಿದ ಹಾಗೆ ಕೆನೆಗಟ್ಟಿದ್ದರೆ ಅದು ನೀಲಿಹಸಿರು ಪಾಚಿ ಇರಬಹುದು. ಅದರಲ್ಲಿ ಕೆಲವು ವಿಷಕಾರಿ, ಯಾವುದು ಎಂದು ಕಣ್ಣಿಗೆ ತಿಳಿಯುವುದಿಲ್ಲ. ಆ ದಿನ ಮನೆಗೆ ಹೋಗಿ, ನಾಯಿಯನ್ನೂ ನೀರಿಗೆ ಬಿಡಬೇಡಿ. ಜೋರು ಮಳೆಯಾದ ಮೇಲೆ ಒಂದೆರಡು ದಿನ ಬಿಡುವು ಕೊಡಿ, ಹೊಲದ ಕೊಳೆಯೆಲ್ಲ ಕೆರೆಗೇ ಬಂದಿರುತ್ತದೆ. ಗಾಯ ಇದ್ದರೆ ನೀರು ತಾಗದ ಪಟ್ಟಿ ಕಟ್ಟಿ. ಕೆಲವು ದಿನ ಬಿಟ್ಟು ಜ್ವರ ಬಂದರೆ ಕೆರೆಯಲ್ಲಿ ಈಜಿದ್ದನ್ನು ಡಾಕ್ಟರಿಗೆ ಹೇಳಿ, ಇಲಿಜ್ವರದ ಅನುಮಾನ ಅವರಿಗೆ ಬೇಗ ಬರುತ್ತದೆ.

ನೀರಿನಿಂದ ಹೊರಗೆ ಬಂದರೆ ಮುಗಿಯಿತು ಎಂದುಕೊಳ್ಳಬೇಡಿ. ಮೈಯ ಒಳಗಿನ ಶಾಖ ತಣಿದ ಹೊರಪದರಗಳ ಕಡೆ ಹರಿಯುತ್ತಲೇ ಇರುತ್ತದೆ. ಹೀಗಾಗಿ ದಡಕ್ಕೆ ಬಂದ ಮೇಲೂ ಸ್ವಲ್ಪ ಹೊತ್ತು ಒಳಗಿನ ತಾಪ ಇಳಿಯುತ್ತದೆ. ಹತ್ತು ನಿಮಿಷ ಆದ ಮೇಲೆ ಗಡಗಡ ನಡುಕ ಬರುವುದು ಇದರಿಂದಲೇ. ಫೋಟೋ ಆಮೇಲೆ. ಮೊದಲು ಒದ್ದೆ ಬಟ್ಟೆ ತೆಗೆದು, ಒರೆಸಿಕೊಂಡು, ಮೈಯ ಮೇಲ್ಭಾಗಕ್ಕೆ ಒಣ ಬಟ್ಟೆ, ತಲೆಗೆ ಟೋಪಿ, ಕಾಲಡಿಗೆ ಚಾಪೆ. ಬೆರಳು ಮರಗಟ್ಟಿರುತ್ತವೆ, ಗುಂಡಿ ಹಾಕಲು ಬರುವುದಿಲ್ಲ. ಸಡಿಲ ಬಟ್ಟೆಯನ್ನು ತೊಡುವ ಕ್ರಮದಲ್ಲೇ ಮೊದಲೇ ಜೋಡಿಸಿಡಿ. ಬೆಚ್ಚಗೆ ಏನಾದರೂ ಕುಡಿಯಿರಿ. ಕೂಡಲೇ ಬಿಸಿನೀರಿನ ಸ್ನಾನ ಬೇಡ, ರಕ್ತದೊತ್ತಡ ಥಟ್ಟನೆ ಇಳಿದು ತಲೆ ತಿರುಗಿ ಬೀಳಬಹುದು. ಮದ್ಯವಂತೂ ಬೇಡವೇ ಬೇಡ. ನಡುಕ ನಿಂತು ಮೈ ಪೂರ್ತಿ ಬೆಚ್ಚಗಾಗುವ ತನಕ ಗಾಡಿ ಓಡಿಸಬೇಡಿ.

ಹೃದಯದ ತೊಂದರೆ, ಬಿಪಿ, ಅಸ್ತಮಾ, ಅಪಸ್ಮಾರ ಇರುವವರು, ಗರ್ಭಿಣಿಯರು ಡಾಕ್ಟರನ್ನು ಕೇಳಿಯೇ ಬನ್ನಿ. ಈಜುವಾಗ ಕೆಮ್ಮು, ಉಬ್ಬಸ, ನಸುಗೆಂಪು ಕಫ ಬಂದರೆ ಶ್ವಾಸಕೋಶದಲ್ಲಿ ಮೈಯೊಳಗಿನದೇ ನೀರು ತುಂಬುತ್ತಿರಬಹುದು. ನುರಿತ ಈಜುಗಾರರಿಗೂ ಇದು ಆಗುತ್ತದೆ. ಕೂಡಲೇ ಹೊರಗೆ ಬಂದು ಆಸ್ಪತ್ರೆಗೆ ಹೋಗಿ. ತಣ್ಣೀರು ಖಿನ್ನತೆ ಕಳೆಯುತ್ತದೆ, ರೋಗ ತಡೆಯುತ್ತದೆ ಎಂಬ ಮಾತುಗಳಿವೆ. ಮನಸ್ಸು ಹಗುರಾಗುವುದನ್ನು ನಾನು ದಿನಾ ನೋಡುತ್ತೇನೆ. ಆದರೂ ಇದನ್ನು ಔಷಧಿ ಎಂದು ಯಾರಿಗೂ ಹೇಳಲಾರೆ. ಖುಷಿಗಾಗಿ ಬನ್ನಿ, ಅದು ಸಾಕು.

ಒಬ್ಬರೇ ಮಾತ್ರ ಬರಬೇಡಿ. ದಡದಲ್ಲಿ ಒಬ್ಬರು ಇರಬೇಕು, ಕಣ್ಣು ನೀರಿನ ಮೇಲೇ ಇರಬೇಕು. ನೀವು ಎದ್ದು ಕಾಣುವ ಬಣ್ಣದ ಟೋಪಿ ಹಾಕಿಕೊಳ್ಳಿ. ನೀರಿನಿಂದ ಹೊರಗೆ ಬಂದವರ ಮಾತು ತೊದಲಿದರೆ, ಹೆಜ್ಜೆ ತಪ್ಪಿದರೆ, ಗಲಿಬಿಲಿಗೊಂಡವರ ನಡುಕ ಒಮ್ಮೆಲೇ ನಿಂತರೆ ಮೈ ತೀರಾ ತಣ್ಣಗಾಗಿದೆ ಎಂದು ಅರ್ಥ. ಅವರನ್ನು ನಡೆಸಬೇಡಿ, ಮೈ ಕೈ ಉಜ್ಜಬೇಡಿ. ಮಲಗಿಸಿ, ಹೊದಿಸಿ, ಆಂಬುಲೆನ್ಸ್ ಕರೆಯಿರಿ. ದಡದವರು ಯಾವ ಕಾರಣಕ್ಕೂ ತಾವೇ ನೀರಿಗೆ ಹಾರಬಾರದು. ತೇಲುವ ಹಗ್ಗವೋ ಟ್ಯೂಬೋ ಎಸೆಯಲು ಕೈಯಲ್ಲಿರಲಿ. ಆ ಜಾಗದಲ್ಲಿ ಫೋನ್ ಸಿಗ್ನಲ್ ಎಲ್ಲಿ ಸಿಗುತ್ತದೆ, ಆಂಬುಲೆನ್ಸ್ ಯಾವ ದಾರಿಯಲ್ಲಿ ಕೆರೆಯವರೆಗೆ ಬರಬಹುದು ಎಂದು ನೀವು ನೀರಿಗೆ ಇಳಿಯುವ ಮುಂಚೆಯೇ ಅವರಿಗೆ ಗೊತ್ತಿರಬೇಕು.